ಹತ್ತು ಗಂಟೆಯ ಗಡಿ

1949ರಲ್ಲಿ ಬೆಂಗಳೂರಿನಲ್ಲಿ ಎರಡು ದೊಡ್ಡ ಸಂಗತಿಗಳು ನಡೆದವು. ಊರಿನ ಪಶ್ಚಿಮಕ್ಕೆ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರ ಎಂಬ ಕೈಗಾರಿಕಾ ಉಪನಗರ ಶುರುವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಪೇಟೆಯ ಪುರಸಭೆ ಮತ್ತು ದಂಡಿನ ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಕಡತದಲ್ಲಿ ಊರು ಒಂದಾಯಿತು, ಕುಣಿತದಲ್ಲಿ ಆಗಲಿಲ್ಲ. ದಂಡಿನ ಕಡೆ ಬೌರಿಂಗ್ ಇನ್‌ಸ್ಟಿಟ್ಯೂಟೂ ಬೆಂಗಳೂರು ಕ್ಲಬ್ಬೂ 1868ರಿಂದ ಇದ್ದವು. ಅಲ್ಲಿ ಬ್ಯಾಂಡ್ ನುಡಿಸುತ್ತಿತ್ತು, ಗಂಡು ಹೆಣ್ಣು ಜೋಡಿಯಾಗಿ ಹೆಜ್ಜೆ ಹಾಕುತ್ತಿದ್ದರು. ಪೇಟೆಯ ಕಡೆ ಕರಗವಿತ್ತು, ತಮಟೆಯಿತ್ತು, ಭಜನೆ ಮನೆಗಳಿದ್ದವು, ಕಂಪನಿ ನಾಟಕಗಳಿದ್ದವು. ಪಶ್ಚಿಮ ಬೆಂಗಳೂರು ಹುಟ್ಟಿದ್ದು ಈ ಎರಡನೆಯ ಲೋಕದ ಅಂಚಿನಲ್ಲಿ.

ಅಲ್ಲಿಂದ ಇಲ್ಲಿಯವರೆಗಿನ ಮುಕ್ಕಾಲು ಶತಮಾನದಲ್ಲಿ ಈ ಊರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಂಡಿದೆ: ಯಾರು, ಎಲ್ಲಿ, ಎಷ್ಟು ಹೊತ್ತಿನವರೆಗೆ, ಯಾರ ಕಣ್ಣೆದುರು ಕುಣಿಯಬಹುದು? ಉತ್ತರ ಪ್ರತಿ ಸಲವೂ ಕುಣಿಯುವವರ ಜೇಬು, ಜಾತಿ, ಹೆಣ್ಣೋ ಗಂಡೋ ಎಂಬುದನ್ನು ನೋಡಿಕೊಂಡೇ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಜಾಜಿನಗರಕ್ಕೆ ಬಂದವರು ದುಡಿಯುವ ಜನ. ಸುತ್ತ ಮಿನರ್ವ ಮಿಲ್, ರಾಜಾ ಮಿಲ್, ಬಿನ್ನಿ ಮಿಲ್. 1957ರಲ್ಲಿ ಸರ್ಕಾರಿ ಸೋಪ್ ಫ್ಯಾಕ್ಟರಿಯೂ ಇಲ್ಲಿಗೆ ಬಂತು. ಮಾಗಡಿ, ಕುಣಿಗಲ್, ನೆಲಮಂಗಲ, ಕನಕಪುರದ ಕಡೆಯಿಂದ ಬಂದವರ ಪಕ್ಕದ ಮನೆಯಲ್ಲಿ ತಮಿಳರು, ತೆಲುಗರು. ವಿಜಯನಗರ, ಬಸವೇಶ್ವರನಗರ ಆಮೇಲೆ ಬೆಳೆದವು. ಕೆಂಗೇರಿ 2007ರವರೆಗೂ ತನ್ನದೇ ಪುರಸಭೆಯಿದ್ದ ಬೇರೆ ಊರು. ಇಲ್ಲಿ ಬಾಲ್‌ರೂಂ ಇರಲಿಲ್ಲ. ಕುಣಿಯಬೇಕೆಂದರೆ ಬೀದಿಯೇ ಗತಿ, ಬೀದಿಯಲ್ಲಿ ಕುಣಿಯಲು ಒಂದು ನೆಪ ಬೇಕು. ಆ ನೆಪಗಳಲ್ಲಿ ದೊಡ್ಡದಾದ ಒಂದನ್ನು ಒದಗಿಸಿದ್ದು ಕನ್ನಡ ಚಳವಳಿ.

ಬೆಂಗಳೂರಿನ ಕನ್ನಡ ಚಳವಳಿ ಗಟ್ಟಿಯಾದದ್ದೇ ಒಂದು ಸಂಗೀತ ವೇದಿಕೆಯ ಜಗಳದಲ್ಲಿ. 1960ರ ದಶಕದ ಆರಂಭದಲ್ಲಿ ರಾಮೋತ್ಸವದ ಕಛೇರಿಗಳಲ್ಲಿ ಹೊರಗಿನ ಕಲಾವಿದರಿಗೇ ಮಣೆ, ಕನ್ನಡದ ಕಲಾವಿದರಿಗೆ ಜಾಗವಿಲ್ಲ ಎಂದು ಅ.ನ. ಕೃಷ್ಣರಾಯರು ಪ್ರತಿಭಟನೆಗೆ ನಿಂತರು. ಮ. ರಾಮಮೂರ್ತಿಯವರು ಹಳದಿ ಕೆಂಪು ಬಾವುಟ ಕೊಟ್ಟದ್ದು ಅದೇ ದಶಕದಲ್ಲಿ. ನಮ್ಮ ಊರಿನಲ್ಲಿ ಮೈಕು ಯಾರ ಕೈಯಲ್ಲಿರಬೇಕು ಎಂಬುದು ಆಗಲೇ ರಾಜಕೀಯದ ಪ್ರಶ್ನೆಯಾಗಿತ್ತು. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ ಮೇಲೆ ಆ ಮೈಕು ಸಭಾಂಗಣ ಬಿಟ್ಟು ಕ್ರಾಸುಗಳಿಗೆ ಬಂತು. ಕನ್ನಡ ಯುವಕರ ಸಂಘಗಳು ಎಲ್ಲೆಡೆ ಎದ್ದವು. ನವೆಂಬರ್ ತಿಂಗಳು ಪೂರ್ತಿ ಒಂದಲ್ಲ ಒಂದು ಬೀದಿಯಲ್ಲಿ ರಾಜ್ಯೋತ್ಸವ. ರಾಜ್ಯೋತ್ಸವವೆಂದರೆ ಆರ್ಕೆಸ್ಟ್ರಾ.

ಆರ್ಕೆಸ್ಟ್ರಾವನ್ನು ಬಲ್ಲವರಿಗೆ ವಿವರಿಸಬೇಕಿಲ್ಲ, ಆದರೂ ಅದರ ಕಟ್ಟು ಹೇಗಿತ್ತೆಂದು ಬರೆದಿಡಬೇಕು. ಏಕೆಂದರೆ ನಮ್ಮ ಸಂಗೀತ ಚರಿತ್ರೆಗಳು ಕಛೇರಿಗೂ ಸುಗಮ ಸಂಗೀತಕ್ಕೂ ಪುಟಗಟ್ಟಲೆ ಕೊಟ್ಟು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಕಮಿಟಿ ಹುಡುಗರು ತಿಂಗಳ ಮುಂಚೆಯೇ ಚಂದಾ ಪುಸ್ತಕ ಹಿಡಿದು ಮನೆಮನೆ ಹತ್ತುತ್ತಿದ್ದರು. ಕ್ರಾಸಿನ ಎರಡೂ ತುದಿಗೆ ಕಂಬ ನೆಟ್ಟು ಸೀರಿಯಲ್ ಸೆಟ್ಟು ಎಳೆಯುತ್ತಿದ್ದರು. ಹಲಗೆ ಜೋಡಿಸಿದ ವೇದಿಕೆ, ಹಿಂದೆ ಭುವನೇಶ್ವರಿಯದೋ ಗಣೇಶನದೋ ಅಣ್ಣಮ್ಮನದೋ ಪರದೆ. ಮೊದಲು ದೇವರ ಹಾಡು, ಆಮೇಲೆ ನಾಡಿನ ಹಾಡು, ಆಮೇಲೆ ರಾಜ್‌ಕುಮಾರ್ ಹಾಡು. ಒಂಬತ್ತರ ಹೊತ್ತಿಗೆ ನಿಧಾನ ಗೀತೆಗಳು ಮುಗಿದು ‘ಫಾಸ್ಟ್ ಬೀಟ್’ ಶುರುವಾಗುತ್ತಿದ್ದಂತೆ ಕುರ್ಚಿಗಳು ಹಿಂದಕ್ಕೆ ಸರಿಯುತ್ತಿದ್ದವು. ಜೂನಿಯರ್ ವಿಷ್ಣುವರ್ಧನ್ ಕೈಗೆ ಕಡಗ ಹಾಕಿಕೊಂಡು, ಜೂನಿಯರ್ ಶಂಕರ್‌ನಾಗ್ ಖಾಕಿ ಅಂಗಿ ತೊಟ್ಟು ಬರುತ್ತಿದ್ದರು. ನಡುನಡುವೆ ಹಾಡು ನಿಲ್ಲಿಸಿ ಗಣ್ಯರಿಗೆ ಹಾರ, ಶಾಲು, ಪೇಟ. ಈ ಬಿಡುವನ್ನು ಬೈದುಕೊಳ್ಳುತ್ತ ಕಾದವರೇ ಎಲ್ಲ. ಆದರೆ ವೇದಿಕೆಯ ರಾಜಕೀಯವೆಲ್ಲ ಆ ಬಿಡುವಿನಲ್ಲೇ ನಡೆಯುತ್ತಿತ್ತು. ಜನರನ್ನು ಕುಣಿಸಬಲ್ಲವನೇ ಜನರನ್ನು ಸೇರಿಸಬಲ್ಲ. ಸಂಘದ ಅಧ್ಯಕ್ಷನಾಗಿ ಆರ್ಕೆಸ್ಟ್ರಾ ಇಡಿಸಿದವನು ಮುಂದಿನ ಕಾರ್ಪೊರೇಷನ್ ಚುನಾವಣೆಗೆ ಟಿಕೆಟ್ ಕೇಳುವುದು ಈ ಭಾಗದಲ್ಲಿ ಯಾರಿಗೂ ಹೊಸದಲ್ಲ.

ರಾಜ್ಯೋತ್ಸವಕ್ಕಿಂತ ಹಳೆಯದು ಅಣ್ಣಮ್ಮನ ಉತ್ಸವ. ಮೆಜೆಸ್ಟಿಕ್‌ನ ಗುಡಿಯಿಂದ ಉತ್ಸವಮೂರ್ತಿಯನ್ನು ಬಡಾವಣೆಗೆ ಕರೆತಂದು ಕೂರಿಸಿ, ಅನ್ನದಾನ ಮಾಡಿ, ಪಲ್ಲಕ್ಕಿಯಲ್ಲಿ ಮೆರೆಸಿ ಕಳಿಸಿಕೊಡುವ ಪದ್ಧತಿ ಶ್ರೀರಾಂಪುರ, ಪ್ರಕಾಶನಗರ, ರಾಜಾಜಿನಗರ, ಮಾಗಡಿ ರಸ್ತೆಯ ಉದ್ದಕ್ಕೂ ಇದೆ. ಮೆರವಣಿಗೆಯ ಮುಂದೆ ತಮಟೆ. ಈ ತಮಟೆಯ ಬಗ್ಗೆ ನಿಂತು ಮಾತಾಡಬೇಕು. ಪಶ್ಚಿಮ ಬೆಂಗಳೂರಿನಲ್ಲಿ ಎಲ್ಲ ಜಾತಿಯ ಹುಡುಗರೂ ಯಾವ ಬಡಿತಕ್ಕೆ ತಪ್ಪಾಂಗುಚ್ಚಿ ಹಾಕಿ ಕುಣಿಯುತ್ತಾರೋ ಆ ಬಡಿತ ಹುಟ್ಟಿದ್ದು ದಲಿತರ ಕೇರಿಯಲ್ಲಿ. ಹಳ್ಳಿಯಲ್ಲಿ ಅದು ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಹಬ್ಬಕ್ಕೆ, ಸಾವಿಗೆ, ಸಾರು ಹಾಕಲು ಬಾರಿಸಲೇಬೇಕಿತ್ತು. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದ ಮೇಲೆ ಅನೇಕ ಊರುಗಳಲ್ಲಿ ಇನ್ನು ಬಾರಿಸುವುದಿಲ್ಲ ಎಂಬ ಮಾತೇ ಹೋರಾಟವಾಯಿತು. ಅದೇ ಹೊತ್ತಿಗೆ ಹೋರಾಟದ ಮೆರವಣಿಗೆಗಳಲ್ಲಿ ಅದೇ ತಮಟೆ ತಮ್ಮ ಇಷ್ಟದಿಂದ, ತಮ್ಮ ಹಾಡಿಗೆ ಬಡಿಯತೊಡಗಿತು. ಆ ಹಾಡುಗಳನ್ನು ಬರೆದ ಸಿದ್ದಲಿಂಗಯ್ಯನವರು ಬೆಳೆದದ್ದು ರಾಜಾಜಿನಗರಕ್ಕೆ ಅಂಟಿಕೊಂಡ ಶ್ರೀರಾಂಪುರದ ಕೊಳೆಗೇರಿಯಲ್ಲಿ. ಅವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಬಹಳ ತಡವಾಗಿ, 2023ರಲ್ಲಿ, ಚಿಕ್ಕಬಳ್ಳಾಪುರದ ಕಡೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ ಪದ್ಮಶ್ರೀ ಬಂತು. ನವರಂಗ್, ವೀರೇಶ್, ಪ್ರಸನ್ನ ಚಿತ್ರಮಂದಿರಗಳ ಮುಂದೆ ಹೊಸ ಸಿನಿಮಾದ ಮೊದಲ ದಿನ ತಮಟೆಗೆ ಕುಣಿದವರಲ್ಲಿ ಎಷ್ಟು ಮಂದಿಗೆ ಈ ಕಥೆ ಗೊತ್ತು? ಗೊತ್ತಿರಬೇಕು ಎನ್ನುವ ಹಟ ನನ್ನದು. ಈಗ ಚರ್ಮದ ಬದಲು ಫೈಬರ್ ಹಾಳೆ ಬಂದಿದೆ, ಬೆಂಕಿಗೆ ಹಿಡಿದು ಕಾಯಿಸುವ ಕೆಲಸ ತಪ್ಪಿದೆ. ಬಾರಿಸುವವರ ಮನೆತನ ಮಾತ್ರ ಬಹುಮಟ್ಟಿಗೆ ಅವೇ.

ಎಂಬತ್ತರ ದಶಕದ ಕೊನೆಗೆ ಈ ಬೀದಿಯ ಸದ್ದೇ ಬದಲಾಯಿತು. ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ 1985ರಲ್ಲಿ ಜಪಾನಿನಲ್ಲಿ ಹೊರಬಂದಿತ್ತು. ಮುಂದೆ ನಮ್ಮ ಆರ್ಕೆಸ್ಟ್ರಾಗಳಿಗೂ ತಲುಪಿ ‘ಪ್ಯಾಡ್’ ಎಂಬ ಹೆಸರು ಪಡೆಯಿತು. ಪ್ಯಾಡ್ ನುಡಿಸುವವನೊಬ್ಬ ಇದ್ದರೆ ಢೋಲಕ್, ಕಾಂಗೋ, ಡ್ರಮ್ಮು ಮೂರೂ ಇದ್ದಂತೆ. 1987ರಲ್ಲಿ ‘ಪ್ರೇಮಲೋಕ’ ತೆರೆಕಂಡಿತು. ರಾಜಾಜಿನಗರದವರು ತಮ್ಮವನೇ ಎಂದು ಹೇಳಿಕೊಳ್ಳುವ ರವಿಚಂದ್ರನ್, ಜೊತೆಗೆ ಹಂಸಲೇಖ. ಕಾಲೇಜು, ಬೈಕು, ಗುಂಪು ಕುಣಿತ, ಮಾತೇ ಹಾಡಾಗುವ ಬಗೆ. ಕ್ಯಾಸೆಟ್ಟು ಟೀ ಅಂಗಡಿಯಿಂದ ಆಟೋವರೆಗೆ ಹರಡಿತು. ಅದಕ್ಕೂ ಮುಂಚೆ ಕನ್ನಡ ಸಿನಿಮಾದಲ್ಲಿ ಕ್ಲಬ್ಬಿನ ಕುಣಿತವೆಂದರೆ ಖಳನಾಯಕನ ಅಡ್ಡೆ, ಕ್ಯಾಬರೆ ಹೆಣ್ಣು, ಗಾಜಿನ ಲೋಟ. ಒಳ್ಳೆಯ ಹುಡುಗಿ ಅಲ್ಲಿ ಕುಣಿಯುತ್ತಿರಲಿಲ್ಲ. ‘ಪ್ರೇಮಲೋಕ’ದಲ್ಲಿ ನಾಯಕಿಯೂ ನಾಯಕನ ಸಮಕ್ಕೆ ಕುಣಿದಳು, ಅದಕ್ಕಾಗಿ ಅವಳು ಕೆಟ್ಟವಳಾಗಲಿಲ್ಲ. ಈ ಸಣ್ಣ ಬದಲಾವಣೆ ಮಧ್ಯಮ ವರ್ಗದ ಮನೆಗಳೊಳಗೆ ಮಾಡಿದ ಕೆಲಸ ದೊಡ್ಡದು. ಶಾಲಾ ವಾರ್ಷಿಕೋತ್ಸವಗಳಲ್ಲಿ ಹುಡುಗಿಯರ ಗುಂಪು ಕುಣಿತಕ್ಕೆ ಸಿನಿಮಾ ಹಾಡು ಹಾಕುವುದು ಸಲೀಸಾದದ್ದು ಆ ಮೇಲೆಯೇ.

ಬೀದಿಯಲ್ಲಿ ಹಾಗಾಗಲಿಲ್ಲ. ಆರ್ಕೆಸ್ಟ್ರಾದ ಮುಂದೆ ಕುಣಿದವರೆಲ್ಲ ಗಂಡಸರು. ಹೆಂಗಸರು ಮಹಡಿಯ ಸಜ್ಜೆಯ ಮೇಲೆ, ಬಾಗಿಲ ಮೆಟ್ಟಿಲ ಮೇಲೆ ಕುಳಿತು ನೋಡಿದರು. ಅಣ್ಣಮ್ಮನ ಮೆರವಣಿಗೆಯಲ್ಲಿ ಮೈಮೇಲೆ ಬಂದರೆ ಮಾತ್ರ ಹೆಂಗಸು ರಸ್ತೆಯ ನಡುವೆ ಕುಣಿಯಬಹುದಿತ್ತು. ಆಗ ಕುಣಿಯುತ್ತಿದ್ದವಳು ಅವಳಲ್ಲ, ದೇವಿ. ಬೀದಿಯ ಆರ್ಕೆಸ್ಟ್ರಾವನ್ನು ಎಷ್ಟು ಪ್ರೀತಿಸಿದರೂ ಈ ಮಾತನ್ನು ಮರೆಮಾಚಲಾಗದು. ವೇದಿಕೆಯ ಮೇಲೆ ಹಾಡಿದ, ರೆಕಾರ್ಡ್ ಡ್ಯಾನ್ಸ್ ಮಾಡಿದ ಹೆಂಗಸರು ಇದ್ದರು ನಿಜ. ಅವರಿಗೆ ಶಿಳ್ಳೆ ಸಿಕ್ಕಿತು, ನೋಟು ಸಿಕ್ಕಿತು. ಆದರೆ ಗೌರವದ ಮನೆ ಬಾಡಿಗೆಗೆ ಸಿಗುವುದು ಕಷ್ಟವಾಗಿತ್ತು.

ದುಡ್ಡಿಗೆ ಕುಣಿಯುವ ಹೆಣ್ಣಿನ ಮೇಲೆ ಕಾನೂನಿನ ಕಣ್ಣು ಹೊಸದಲ್ಲ. 1909ರಲ್ಲೇ ಮೈಸೂರು ಸಂಸ್ಥಾನ ಗುಡಿಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದೇ ದೇವದಾಸಿ ಪರಂಪರೆಯ ಬೆಂಗಳೂರು ನಾಗರತ್ನಮ್ಮನವರು ಮುದ್ದುಪಳನಿಯ ತೆಲುಗು ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದಾಗ ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿಕೊಂಡಿತು. ಶೋಷಣೆ ತಡೆಯಬೇಕೆಂಬ ಕಾಳಜಿ ಸುಳ್ಳಲ್ಲ. ಆದರೆ ಶೋಷಣೆ ಮಾಡಿದವರನ್ನು ಬಿಟ್ಟು ಕುಣಿತವನ್ನೇ ನಿಲ್ಲಿಸುವ ರೂಢಿ ಆಗ ಬಿದ್ದದ್ದು ಹೋಗಲಿಲ್ಲ.

ಒಂದು ಶತಮಾನದ ನಂತರ ಅದು ‘ಲೈವ್ ಬ್ಯಾಂಡ್’ ಎಂಬ ಹೆಸರಿನಲ್ಲಿ ಮತ್ತೆ ಎದುರಾಯಿತು. 1990ರ ದಶಕದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಪಬ್‌ಗಳಿಂದ ಬೆಂಗಳೂರು ದೇಶದ ಪಬ್ ನಗರಿ ಎನಿಸಿಕೊಳ್ಳುತ್ತಿದ್ದಾಗ, ಇನ್ನೊಂದು ಬಗೆಯ ಬಾರ್‌ಗಳಲ್ಲಿ ಹೆಂಗಸರು ಹಾಡುತ್ತ, ಕುಣಿಯುತ್ತ ದುಡಿಯುತ್ತಿದ್ದರು. 2005ರಲ್ಲಿ ಬೆಂಗಳೂರು ಪೊಲೀಸ್ ಆಯುಕ್ತರು ಕರ್ನಾಟಕ ಪೊಲೀಸ್ ಕಾಯ್ದೆಯಡಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣ ಆದೇಶ ಹೊರಡಿಸಿದರು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್ ಮೂರಕ್ಕೂ ಅದರಲ್ಲಿ ವ್ಯಾಖ್ಯೆ ಕೊಟ್ಟು, ಪರವಾನಗಿಯಿಲ್ಲದೆ ನಡೆಸಕೂಡದೆಂದರು. ಅದೇ ವರ್ಷ ಮಹಾರಾಷ್ಟ್ರ ಇನ್ನೂ ಒರಟಾಗಿ ನಡೆದುಕೊಂಡಿತು. ಸಾಮಾನ್ಯ ಬಾರ್‌ಗಳಲ್ಲಿ ಕುಣಿತ ನಿಷೇಧ, ಮೂರು ನಕ್ಷತ್ರದ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ವಿನಾಯಿತಿ. ಸುಮಾರು 75,000 ಹೆಂಗಸರ ಅನ್ನದ ಪ್ರಶ್ನೆ ಇದೆಂದು ನ್ಯಾಯಾಲಯದಲ್ಲಿ ವಾದಿಸಲಾಯಿತು. ಬಾಂಬೆ ಹೈಕೋರ್ಟ್ 2006ರಲ್ಲಿ ಆ ನಿಷೇಧವನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ 2013ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಒಂದೇ ಕುಣಿತ ಸಾಧಾರಣ ಬಾರಿನಲ್ಲಿ ಅನೈತಿಕ, ನಕ್ಷತ್ರ ಹೋಟೆಲಿನಲ್ಲಿ ನೈತಿಕ ಆಗುವುದು ಹೇಗೆ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿರಲಿಲ್ಲ.

ಬೆಂಗಳೂರಿನ ಆದೇಶ ನಿಷೇಧವಲ್ಲ, ನಿಯಂತ್ರಣ. ಹಾಗಾಗಿ ಅದರ ದಾರಿ ಬೇರೆಯಾಯಿತು. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಜನವರಿಯಲ್ಲಿ ಸೋತಿತು. ಈ ನಡುವೆ 2008ರಲ್ಲಿ ಆಯುಕ್ತರಾಗಿ ಬಂದ ಶಂಕರ ಬಿದರಿಯವರ ಕಾಲದಲ್ಲಿ ರಾತ್ರಿ ಹನ್ನೊಂದೂವರೆಯ ಗಡಿಯನ್ನು ಬಿಗಿಯಾಗಿ ಕಾಯಲಾಯಿತು, ಪಬ್‌ಗಳಲ್ಲಿ ಕುಣಿತ ನಿಂತಿತು. ಲೈವ್ ಬ್ಯಾಂಡ್ ಹೆಂಗಸರನ್ನು ತಡೆಯಲು ಎಂದು ಹೊರಟ ನಿಯಮ ಗಿಟಾರ್ ಹಿಡಿದ ಹುಡುಗರನ್ನೂ ಮುಟ್ಟಿತು. ಆಗ ಇಂಗ್ಲಿಷ್ ಪತ್ರಿಕೆಗಳು ಊರಿನ ಸಂಸ್ಕೃತಿ ಸತ್ತಿತೆಂದು ಬರೆದವು. ಬಾರಿನಲ್ಲಿ ಕೆಲಸ ಕಳೆದುಕೊಂಡ ಹೆಂಗಸರು ಎಲ್ಲಿಗೆ ಹೋದರೆಂದು ಅಷ್ಟೇ ಕಾಳಜಿಯಿಂದ ಕೇಳಿದವರು ಕಡಿಮೆ. 2018ರ ತೀರ್ಪಿನ ನಂತರ ಪೊಲೀಸರು ಪರವಾನಗಿ ತೋರಿಸಿ ಎಂದಾಗಲೂ ಇಂದಿರಾನಗರ, ಕೋರಮಂಗಲದ ಪಬ್‌ಗಳಲ್ಲಿ ಸಂಗೀತ ನಿಂತದ್ದೇ ಸುದ್ದಿಯಾಯಿತು.

ಹೀಗೆ ಸಂಗೀತಕ್ಕೆ ಕಾನೂನಿನ ವ್ಯಾಖ್ಯೆ ಬರೆಯಲು ಹೋದವರು ನಾವು ಮೊದಲಿಗರಲ್ಲ. ಬ್ರಿಟನ್ನಿನಲ್ಲಿ ಯುವಕರು ಹೊಲಗಳಲ್ಲಿ, ಖಾಲಿ ಗೋದಾಮುಗಳಲ್ಲಿ ಇಡೀ ರಾತ್ರಿ ಕುಣಿಯತೊಡಗಿದಾಗ, 1994ರ ಕಾಯ್ದೆಯೊಂದು ಒಂದೇ ಸಮನೆ ಮರುಕಳಿಸುವ ಬಡಿತವಿರುವ ಸಂಗೀತ ಎಂದು ಬರೆದು ಅಂಥ ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಜರ್ಮನಿಯ ಸಂಸತ್ತು 2021ರಲ್ಲಿ ಅದಕ್ಕೆ ತಿರುವುಮುರುವಾಗಿ, ಸಂಗೀತ ಕ್ಲಬ್ಬುಗಳನ್ನು ಸೂಳೆಗೇರಿ, ಜೂಜುಕಟ್ಟೆಗಳ ಸಾಲಿನಿಂದ ತೆಗೆದು ರಂಗಮಂದಿರಗಳ ಸಾಲಿನಲ್ಲಿ ಇಡಬೇಕೆಂದು ಗೊತ್ತುವಳಿ ಮಾಡಿತು.

ನಮ್ಮಲ್ಲಿ ಪೊಲೀಸರಲ್ಲದವರೂ ಕಾವಲಿಗೆ ನಿಂತರು. 2009ರ ಜನವರಿ 24ರಂದು ಮಂಗಳೂರಿನ ಅಮ್ನೇಶಿಯಾ ಪಬ್ಬಿಗೆ ಶ್ರೀರಾಮಸೇನೆಯವರು ನುಗ್ಗಿ ಹುಡುಗಿಯರನ್ನು ಹೊಡೆದರು. ಟಿವಿಯಲ್ಲಿ ದೇಶವೇ ನೋಡಿತು. ಪ್ರತಿಭಟನೆಯಾಗಿ ಗುಲಾಬಿ ಚಡ್ಡಿ ಕಳಿಸುವ ಅಭಿಯಾನ ನಡೆಯಿತು. 2012ರ ಜುಲೈಯಲ್ಲಿ ಅದೇ ಊರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದವರ ಮೇಲೆ ಮತ್ತೆ ದಾಳಿಯಾಯಿತು. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಖುಲಾಸೆಯಾದರು. ಕ್ಯಾಮೆರಾದ ಎದುರೇ ನಡೆದ ಹೊಡೆತಕ್ಕೆ ಸಾಕ್ಷಿ ಸಿಗಲಿಲ್ಲ ಎಂಬುದು ನನ್ನಿಂದ ಇವತ್ತಿಗೂ ಅರಗಿಸಿಕೊಳ್ಳಲಾಗದ ಮಾತು. ಆ ದಿನಗಳಲ್ಲಿ ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳಿದ ಬುದ್ಧಿಮಾತು ಒಂದೇ: ನೀನು ಅಲ್ಲಿಗೆಲ್ಲ ಹೋಗಬೇಡ. ಹೊಡೆದವರಿಗೆ ಹೇಳಬೇಕಾದದ್ದನ್ನು ಹೊಡೆಸಿಕೊಳ್ಳಬಹುದಾದವರಿಗೆ ಹೇಳಲಾಯಿತು.

ಬೀದಿಯ ಕಡೆಗೂ 2005 ತಿರುವಿನ ವರ್ಷವೇ. ಶಬ್ದಮಾಲಿನ್ಯದ ನಿಯಮಗಳು 2000ದಲ್ಲೇ ಬಂದಿದ್ದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಸುಪ್ರೀಂ ಕೋರ್ಟ್ 2005ರ ಜುಲೈಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು ಗಟ್ಟಿಯಾಗಿ ಹೇಳಿತು. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ಹನ್ನೆರಡರವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕೆ ಉಳಿಯಿತು. ಈ ತೀರ್ಪಿನ ವಿರುದ್ಧ ನನಗೆ ಹೇಳುವುದೇನೂ ಇಲ್ಲ. ಪರೀಕ್ಷೆಗೆ ಓದುವ ಮಕ್ಕಳು, ಹೃದಯದ ಕಾಯಿಲೆಯವರು, ಬೆಳಗಿನ ಪಾಳಿಗೆ ಏಳಬೇಕಾದವರು ಇರುವ ಬೀದಿಯಲ್ಲಿ ಎರಡು ಗಂಟೆಯವರೆಗೆ ಬೇಸ್ ಬಾಕ್ಸ್ ಇಡುವುದು ಹಕ್ಕಲ್ಲ. ಆದರೆ ಎಂಟಕ್ಕೆ ಶುರುವಾಗಿ, ಗಣ್ಯರು ತಡವಾಗಿ ಬಂದು, ಒಂಬತ್ತೂವರೆಗೆ ರಂಗೇರುತ್ತಿದ್ದ ಆರ್ಕೆಸ್ಟ್ರಾಗೆ ಹತ್ತು ಗಂಟೆ ಕತ್ತರಿಯಾಯಿತು. ಖರ್ಚು ಉಳಿಸಲು ಟ್ರ್ಯಾಕ್ ಹಾಕಿ ಹಾಡುವುದು ಬಂತು. ತಬಲಾ, ಕೊಳಲು, ಗಿಟಾರಿನವರು ಒಬ್ಬೊಬ್ಬರಾಗಿ ವೇದಿಕೆಯಿಂದ ಇಳಿದರು.

ಅದೇ ಕಾಲಕ್ಕೆ ಕಾರ್ಖಾನೆಗಳ ನೆಲ ಕೈ ಬದಲಾಯಿಸುತ್ತಿತ್ತು. ರಾಜಾ ಮಿಲ್ ಇದ್ದ ಕಡೆ ಮಂತ್ರಿ ಮಾಲ್ ಬಂತು. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಎದ್ದು, ಅಲ್ಲಿನ ವರ್ಲ್ಡ್ ಟ್ರೇಡ್ ಸೆಂಟರಿನ 31ನೆಯ ಅಂತಸ್ತಿನಲ್ಲಿ ಹೈ ಅಲ್ಟ್ರಾ ಲೌಂಜ್ ತೆರೆಯಿತು. ಪಶ್ಚಿಮ ಬೆಂಗಳೂರಿಗೆ ಕುಣಿಯಲೆಂದೇ ಕಟ್ಟಿದ ನೆಲ ಬಂದದ್ದು ಹೀಗೆ, ನೆಲದಿಂದ ನಾನೂರು ಅಡಿ ಮೇಲೆ. 2014ರಲ್ಲಿ ವಾರಾಂತ್ಯಕ್ಕೆ ರಾತ್ರಿ ಒಂದರವರೆಗೆ ಅವಕಾಶ ಸಿಕ್ಕಿತು. ಪಬ್‌ಗಳು ತೆರಿಗೆ ಕೊಡುತ್ತವೆ, ಕೆಲಸ ಕೊಡುತ್ತವೆ ಎಂಬ ವಾದ ಸರ್ಕಾರಕ್ಕೆ ಅರ್ಥವಾಯಿತು. ಪ್ಯಾಡ್ ನುಡಿಸುವವನೂ ಶಾಮಿಯಾನದವನೂ ಜೂನಿಯರ್ ವಿಷ್ಣುವೂ ಅದೇ ರಾತ್ರಿಯ ದುಡಿಮೆಯವರೇ. ಅವರ ಪರವಾಗಿ ಮಾತಾಡುವ ಸಂಘ, ವಕೀಲರು, ಪತ್ರಿಕೆಗಳು ಇರಲಿಲ್ಲ.

ಮೇಲಿನ ನೆಲಕ್ಕೂ ಪೊಲೀಸರು ಬರುತ್ತಾರೆ. 2024ರ ಜನವರಿಯಲ್ಲಿ ರಾಜಾಜಿನಗರ ಭಾಗದ ರೆಸ್ಟೊಬಾರ್ ಒಂದರಲ್ಲಿ ಕನ್ನಡ ಸಿನಿಮಾ ತಂಡದ ಸಂತೋಷಕೂಟ ಅವಧಿ ಮೀರಿ ನಡೆಯಿತೆಂದು ಪ್ರಕರಣ ದಾಖಲಾಗಿ, ಹೆಸರಾಂತ ನಟರಿಗೂ ನೋಟಿಸ್ ಹೋಯಿತು. ಇದೇ ರಾಜಾಜಿನಗರದಲ್ಲಿ ಒಂದು ಕಾಲಕ್ಕೆ ಬೀದಿ ವೇದಿಕೆಯ ಮೇಲೆ ನಟರ ನಕಲುಗಳು ಜನರನ್ನು ಕುಣಿಸುತ್ತಿದ್ದವು. ಈಗ ನಿಜವಾದ ನಟರು ಬಾಗಿಲ ಒಳಗೆ ಕುಣಿಯುತ್ತಾರೆ.

ಕೆಂಗೇರಿಯ ಹುಡುಗ ಹುಡುಗಿಯರಿಗೆ ಎಂ.ಜಿ. ರಸ್ತೆ ಹತ್ತಿರವಾದದ್ದು 2021ರ ಆಗಸ್ಟಿನಲ್ಲಿ, ನೇರಳೆ ಮಾರ್ಗ ಅಲ್ಲಿಯವರೆಗೆ ಬಂದಾಗ. ಆದರೆ ಮೆಟ್ರೋ ನಿಲ್ಲುವ ಹೊತ್ತಿಗೂ ಕ್ಲಬ್ಬು ಮುಚ್ಚುವ ಹೊತ್ತಿಗೂ ಹೊಂದಿಕೆಯಿಲ್ಲ. ರಾತ್ರಿ ಒಂದಕ್ಕೆ ಹೊರಬಂದವರಿಗೆ ಕೆಂಗೇರಿಯವರೆಗಿನ ಕ್ಯಾಬ್ ಬಾಡಿಗೆ ಒಳಗೆ ಕುಡಿದದ್ದಕ್ಕಿಂತ ಹೆಚ್ಚಾಗುವುದುಂಟು. ಯಾರು ಎಷ್ಟು ಹೊತ್ತು ಕುಣಿಯಬಹುದೆಂದು ತೀರ್ಮಾನಿಸುವುದರಲ್ಲಿ ಬಸ್ಸು ರೈಲುಗಳ ವೇಳಾಪಟ್ಟಿಯೂ ಪೊಲೀಸ್ ಆದೇಶದಷ್ಟೇ ಕೆಲಸ ಮಾಡುತ್ತದೆ. ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೂ ಅದೇ ಬಸ್ಸು ಬೇಕು, ಆದ್ದರಿಂದ ಇದನ್ನು ಮೋಜಿನ ಬೇಡಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಬೀದಿಯಲ್ಲಿ ಮಾತ್ರ ಈಚೆಗೆ ಒಂದು ಬದಲಾವಣೆ ಕಾಣುತ್ತಿದೆ. 2008ರಲ್ಲಿ ಬೆಂಗಳೂರಿನ ಮೊದಲ ಪ್ರೈಡ್ ನಡಿಗೆ ನಡೆದಾಗ, ಹೆಣ್ಣು ಗಂಡೆಂಬ ಎರಡೇ ಚೌಕಟ್ಟಿಗೆ ಹೊಂದದವರು ದೇವಿಯ ನೆಪವಿಲ್ಲದೆ, ಕಮಿಟಿಯ ವೇದಿಕೆಯಿಲ್ಲದೆ, ಹಾಡಹಗಲೇ ರಸ್ತೆಯಲ್ಲಿ ಕುಣಿದರು. ಅವರಲ್ಲಿ ಪೊಲೀಸರ ಕೈಯಲ್ಲಿ ಪೆಟ್ಟು ತಿಂದವರು ಬಹಳ ಮಂದಿ ಇದ್ದರು. ಆ ಧೈರ್ಯಕ್ಕೂ ಬಡಾವಣೆಯ ಗಣೇಶನ ಮೆರವಣಿಗೆಗೂ ನೇರ ನಂಟಿದೆಯೆಂದು ನಾನು ಹೇಳಲಾರೆ. ಆದರೆ ಈಗ ರಾಜಾಜಿನಗರದ ಬ್ಲಾಕುಗಳಲ್ಲಿ, ವಿಜಯನಗರದಲ್ಲಿ ಗಣೇಶನನ್ನು ಬಿಡಲು ಹೊರಟ ಗಾಡಿಯ ಮುಂದೆ ತಮಟೆಗೂ ನಾಸಿಕ್ ಡೋಲಿಗೂ ಹುಡುಗಿಯರು ಗುಂಪಾಗಿ ಕುಣಿಯುತ್ತಾರೆ, ಅವರ ಜೊತೆಗೆ ತಾಯಂದಿರೂ ಸೇರಿಕೊಳ್ಳುತ್ತಾರೆ. ಯಾರ ಮೈಮೇಲೂ ಯಾರೂ ಬಂದಿರುವುದಿಲ್ಲ. ಡಿಜೆ ಬೇಡವೆಂದು ಠಾಣೆಯವರು ಹೇಳಿದ ಕಡೆಗಳಲ್ಲಿ ತಮಟೆಯವರಿಗೆ ಮತ್ತೆ ಕರೆ ಬರುತ್ತಿದೆ, ಅವರ ದರವೂ ಏರಿದೆ. ಮೆರವಣಿಗೆ ಆರಕ್ಕೇ ಹೊರಡುತ್ತದೆ, ಏಕೆಂದರೆ ಹತ್ತರೊಳಗೆ ಮುಗಿಸುತ್ತೇವೆಂದು ಕಮಿಟಿಯವರು ಠಾಣೆಯಲ್ಲಿ ಬರೆದುಕೊಟ್ಟಿರುತ್ತಾರೆ.